ಬಿಂದಿಗೆಗೆ ಪ್ರವೇಶವಿಲ್ಲ

“ಬಿಂದಿಗೆ ಒಳಗೆ ಬಿಡಲ್ಲ ಕಣಮ್ಮಾ, ಎಷ್ಟು ಸಲ ಹೇಳ್ಬೇಕು?”

ಗೇಟಿನ ಬಾಲರಾಜ್ ಕುರ್ಚಿಯಿಂದ ಏಳಲೂ ಇಲ್ಲ. ಯಶೋಧಾ ಹಲ್ಲು ಕಚ್ಚಿಕೊಂಡು ಮತ್ತೆ ಮೊದಲಿನಿಂದ ಶುರುಮಾಡಿದಳು. “ನಾಳೆ ನನ್ನ ಮಗಳ ಮದುವೆ. ಅರಿಶಿನದ ಸ್ನಾನಕ್ಕೆ ಈ ಬಾವಿಯಿಂದ ಒಂದು ಬಿಂದಿಗೆ ನೀರು ಬೇಕು. ತೋಟ ಕಿತ್ಕೊಂಡು ಹೋಗಲ್ಲ ಕಣ್ರೀ.”

“ಹೊರಗಿನ ಪಾತ್ರೆ, ಚಾಪೆ, ಟಿಫನ್ ಕ್ಯಾರಿಯರ್ ಯಾವ್ದೂ ಅಲೋ ಇಲ್ಲ. ಬೋರ್ಡ್ ನೋಡಿ.”

ಬೋರ್ಡು ಪೂರ್ತಿ ಇಂಗ್ಲಿಷಿನಲ್ಲಿತ್ತು. ಕನ್ನಡದಲ್ಲಿದ್ದದ್ದು ‘ಸುಸ್ವಾಗತ’ ಒಂದೇ.

ಸಿಂಗಾಪುರವೆಂಬ ಈ ಹಳ್ಳಿಯ ಅಂಚಿನ ಮನೆಯನ್ನು ಊರವರು ದೊರೆ ಬಂಗಲೆ ಎನ್ನುತ್ತಿದ್ದರು. ಕಟ್ಟಿಸಿದ ಬಿಳಿಯ ದೊರೆ ಹೋದ ಮೇಲೆ ಅದು ಯಾರ್ಯಾರದೋ ಕೈಗೆ ಬಂತು. ಕೈ ಬದಲಾದರೂ ಒಂದು ವಾಡಿಕೆ ಮಾತ್ರ ಬದಲಾಗಿರಲಿಲ್ಲ. ಊರಲ್ಲಿ ಮದುವೆಯೆಂದರೆ ಹಿತ್ತಿಲ ಬಾಗಿಲು ತೆರೆಯುತ್ತಿತ್ತು. ಹೆಂಗಸರು ಸೋಬಾನೆ ಹೇಳಿಕೊಂಡು ಬಂದು, ಬಾವಿಕಟ್ಟೆಗೆ ಅರಿಶಿನ ಕುಂಕುಮ ಹಚ್ಚಿ, ಗಂಗೆಯನ್ನು ಬಿಂದಿಗೆಯಲ್ಲಿ ಮನೆಗೆ ಕರೆದೊಯ್ಯುತ್ತಿದ್ದರು. ಬಾವಿ ಬಂಗಲೆಗಿಂತ ಹಳೆಯದು, ತೋಡಿದ್ದು ಊರವರು. ಈಗ ಯಾವುದೋ ಕಂಪನಿ ಎಲ್ಲವನ್ನೂ ಕೊಂಡು, ಬಣ್ಣ ಬಳಿದು, ‘ಚಾರಿತ್ರಿಕ ಇಂಗ್ಲಿಷ್ ತೋಟ’ ಎಂದು ಭಾನುವಾರ ಟಿಕೆಟ್ ಇಟ್ಟು ತೋರಿಸುತ್ತಿದೆ. ಹಿತ್ತಿಲ ಬಾಗಿಲಿದ್ದಲ್ಲಿ ಗೋಡೆ ಎದ್ದಿದೆ.

ವಾರವೆಲ್ಲ ಯಶೋಧಾ ಕಂಪನಿಯ ಆಫೀಸಿಗೆ ಫೋನು ಮಾಡಿದ್ದಳು. ಒಬ್ಬ ಮೇಲ್ ಹಾಕಿ ಎಂದ. ಇನ್ನೊಬ್ಬಳು ಮದುವೆ ಫೋಟೊಶೂಟಿನ ಪ್ಯಾಕೇಜು ಕಳಿಸಿದಳು.

ಈಗ ಅವಳ ಬೆನ್ನಹಿಂದೆ ಅತ್ತೆ ಮುನಿಕೃಷ್ಣಮ್ಮ ಹಿತ್ತಾಳೆ ಬಿಂದಿಗೆಯನ್ನು ಮಗುವಿನಂತೆ ಅವುಚಿಕೊಂಡು ನಿಂತಿದ್ದರು. “ನಂಗೂ ಇದೇ ನೀರು ಉಯ್ದವ್ರೆ, ನಿಂಗೂ ಇದೇ ಉಯ್ದವ್ರೆ. ಇದು ಬೀಳ್ದೆ ನನ್ ಮೊಮ್ಮಗಳಿಗೆ ಅರಿಶಿನ ಮುಟ್ಸಾಕಿಲ್ಲ. ಓಗು, ಒಳಗೆ ದೊಡ್ಡೋರು ಯಾರವ್ರೆ ಕೇಳ್ಕಂಡು ಬಾ.” ಅಷ್ಟು ಹೇಳಿ ಬೇಲಿಯ ಪಕ್ಕ ಕುಕ್ಕರಿಸಿದರು.

“ಅಲ್ಲಿ ಕೂರ್ಬೇಡಿ ಅಜ್ಜಿ, ಲಾನಿನ ನೀರು ಹಾರುತ್ತೆ,” ಎಂದ ಬಾಲರಾಜ್. ಅವನ ಕುರ್ಚಿಯ ಆಚೆ ಫುಟ್‌ಪಾತು ಒದ್ದೆಯಾಗಿಯೇ ಇತ್ತು.

ಯಶೋಧಾ ಟಿಕೆಟ್ ಕೊಂಡು ತನ್ನೂರಿನೊಳಕ್ಕೆ ಹೋದಳು. ಹುಲ್ಲು ತುಳಿಯಬೇಡಿ. ಹೂ ಮುಟ್ಟಬೇಡಿ. ಬಾಣದ ಗುರುತು ಬಿಟ್ಟು ನಡೆಯಬೇಡಿ. ಗಿಡಗಳನ್ನು ನವಿಲು, ಚೆಂಡು, ಟೀಪಾಟಿನ ಆಕಾರಕ್ಕೆ ಕತ್ತರಿಸಿದ್ದರು. ಹುಲ್ಲಿನ ಟೋಪಿಯ ಮೇಲ್ವಿಚಾರಕ ವೇಣುಗೋಪಾಲ್ ಹತ್ತಾರು ಜನರ ಮುಂದೆ ಕೈಬೀಸಿ ಹೇಳುತ್ತಿದ್ದ: “ಸಾಹೇಬರು ಬರೋಕೆ ಮುಂಚೆ ಇಲ್ಲಿ ಏನೂ ಇರ್ಲಿಲ್ಲ. ಬರೀ ಪೊದೆ.”

“ನಾವಿದ್ವಿ,” ಎಂದಳು ಯಶೋಧಾ.

ಯಾರೋ ಕಿಸಕ್ಕೆಂದರು. ವೇಣುಗೋಪಾಲ್ ಕೂಡ ನಕ್ಕು, “ಬನ್ನಿ ಮೇಡಂ, ವಿಶಿಂಗ್ ವೆಲ್ ನೋಡೋಣ, ಆಸೆ ಬೇಡ್ಕೊಳ್ಳೋ ಬಾವಿ,” ಎಂದು ಮುಂದೆ ನಡೆದ.

ಬಾವಿಯ ಮೇಲೆ ಪುಟ್ಟ ಹೆಂಚಿನ ಸೂರು, ಸೂರಿನಿಂದ ಇಳಿಬಿಟ್ಟ ಆಟಿಕೆಯಂಥ ಬಕೆಟ್ಟು. ಕಟ್ಟೆಯ ತುಂಬ, ಬಾಯಿಮಟ್ಟ, ನೀಲಿ ಹೂವು.

“ನೀರೆಲ್ಲಿ?”

“ಮಣ್ಣು ತುಂಬ್ಸಿದೀವಿ ಮೇಡಂ. ಸೇಫ್ಟಿ.”

ಯಶೋಧಾಳ ಕೈ ತಾನಾಗಿ ಕಟ್ಟೆಯ ಕಲ್ಲಿಗೆ ಹೋಯಿತು. ಹಗ್ಗ ಉಜ್ಜಿದ ಗೀರುಗಳು ಬೆರಳಿಗೆ ಸಿಕ್ಕವು. “ಮತ್ತೆ ಇಷ್ಟು ಹುಲ್ಲಿಗೆ ನೀರು ಎಲ್ಲಿಂದ?”

“ಇಲ್ಲೇ ಪಕ್ಕದಲ್ಲಿ ಬೋರ್ ಕೊರೆಸಿದೀವಿ. ಬಾವಿದೇ ಸೆಲೆ, ಸೂಪರ್ ನೀರು.”

“ಅದ್ರಲ್ಲಿ ಒಂದು ಬಿಂದಿಗೆ ಕೊಡಿ ಸಾರ್. ಮದುವೆಗೆ.”

“ಅದು ಗಾರ್ಡನ್‌ಗೆ ಮಾತ್ರ. ನಿಮ್ಗೆ ನೀರು ಬೇಕಾದ್ರೆ ಟೀ ರೂಮಲ್ಲಿ ಬಾಟಲ್ ಸಿಗುತ್ತೆ.”

ಅವಳಿಗೆ ಆ ಟೋಪಿಯನ್ನು ಕಿತ್ತು ಆ ಹೂವಿನೊಳಗೆ ತುರುಕಬೇಕೆನಿಸಿತು. ಹುಲ್ಲಿನ ಹೊಟ್ಟೆ ತುಂಬಬೇಕು, ಮದುವೆ ಹೆಣ್ಣಿನ ತಲೆಗೆ ಒಂದು ಬಿಂದಿಗೆ ನೀರು ಬೀಳಬಾರದು! ಟೀ ರೂಮಿನ ಬಾಟಲಿ ಕೊಂಡು ‘ಬಾವಿ ನೀರು’ ಎಂದು ಅತ್ತೆಗೆ ಕೊಡಬಹುದಿತ್ತು. ಕಣ್ಣು ಮಬ್ಬಾದವರಿಗೆ ಗೊತ್ತಾಗುತ್ತಿರಲಿಲ್ಲ. ಆ ಯೋಚನೆಗೇ ಮೈ ಉರಿದು, ಹುಲ್ಲನ್ನು ಅಡ್ಡಕ್ಕೆ ತುಳಿದುಕೊಂಡು, ಹಿಂದಿನಿಂದ ಊದಿದ ವಿಷಲಿಗೆ ಕಿವಿಗೊಡದೆ ಹೊರಬಂದಳು.

“ಬಾವಿ ಮುಚ್ಚವ್ರೆ ಅತ್ತೆ. ಬೋರ್ ನೀರಿದೆ, ಕೊಡಲ್ವಂತೆ.”

ಮುನಿಕೃಷ್ಣಮ್ಮ ಒದ್ದೆ ಫುಟ್‌ಪಾತನ್ನು ಅಂಗೈಯಿಂದ ಸವರಿ ನೋಡಿದರು. ಆಮೇಲೆ, “ಬೋರು ಅದೇ ನೆಲದಾಗೆ ತಾನೆ ಐತೆ?” ಎಂದರು. “ನೀರೇನು ಅವ್ರಪ್ಪನ ಮನೆಯಿಂದ ತಂದವ್ರಾ?”

ಒಳಗೆ ಚಿಟಚಿಟ ಸದ್ದು ಎದ್ದಿತು. ಲಾನಿನ ಸ್ಪ್ರಿಂಕ್ಲರ್ ತಿರುಗತೊಡಗಿ, ನೀರಿನ ಕಮಾನು ಬೇಲಿ ಹಾರಿ ಫುಟ್‌ಪಾತಿಗೆ ಬಿತ್ತು. ಬಾಲರಾಜ್ ಅಭ್ಯಾಸದಂತೆ ಕುರ್ಚಿಯನ್ನು ಪಕ್ಕಕ್ಕೆ ಎಳೆದುಕೊಂಡ. ಮುನಿಕೃಷ್ಣಮ್ಮ ಎದ್ದರು. ಬಾವಿಕಟ್ಟೆಗೆಂದು ತಂದ ಅರಿಶಿನ ಕುಂಕುಮವನ್ನು ಬೇಲಿಯ ಕಬ್ಬಿಣದ ಸರಳಿಗೆ ಬಳಿದರು. ಕೈಮುಗಿದು, ಬಿಂದಿಗೆಯನ್ನು ತಲೆಯ ಮೇಲಕ್ಕೆತ್ತಿ, ನೀರು ಬೀಳುವ ಜಾಗಕ್ಕೆ ಸರಿಯಾಗಿ ನಿಂತರು.

“ಅಜ್ಜೀ! ಏನ್ ಮಾಡ್ತಿದೀರಾ?”

“ರೋಡಲ್ಲಿ ಅವ್ನಿ ಕಣಪ್ಪಾ. ಬೋರ್ಡಲ್ಲಿ ರೋಡಿಗೂ ಬರ್ದವ್ರಾ, ಓದಿ ಏಳು.”

ಬಾಲರಾಜ್ ಬೋರ್ಡಿನತ್ತ ನೋಡಿದ. ಒಳಗಿನಿಂದ ವೇಣುಗೋಪಾಲ್ ಟೋಪಿ ಹಿಡಿದುಕೊಂಡು ಓಡಿಬಂದ. “ಏಯ್ ಬಾಲರಾಜ್, ನೀರು ನಿಲ್ಸೋ!”

“ಟೈಮರ್ ಇಟ್ಟಿರೋದು ನೀವೇ ಅಲ್ವಾ ಸಾರ್? ಕೀ ಕೊಡಿ, ನಿಲ್ಸ್ತೀನಿ.”

ಕೀ ಆಫೀಸಿನಲ್ಲಿತ್ತು. ಆಫೀಸಿಗೆ ಭಾನುವಾರ ರಜೆ.

ಕಮಾನು ಒಂದು ಸುತ್ತು ಹೋಗಿ ಬರುವಷ್ಟರಲ್ಲಿ ಬಿಂದಿಗೆಗೆ ಒಂದು ಬೊಗಸೆ ಬೀಳುತ್ತಿತ್ತು. ಉಳಿದದ್ದೆಲ್ಲ ಮುದುಕಿಯ ತಲೆ, ಸೀರೆ, ರಸ್ತೆಯ ಪಾಲು. ಟಿಕೆಟ್ ಕೊಂಡವರು ಗುಲಾಬಿ ಬಿಟ್ಟು ಬೇಲಿಯ ಹತ್ತಿರ ಮೊಬೈಲು ಎತ್ತಿ ನಿಂತರು.

“ತೋಳು ನೋಯ್ತದೆ, ಇನ್ನೊಂದು ಕಡೆ ಇಡ್ಕೋ ಬಾರೇ,” ಎಂದು ಮುನಿಕೃಷ್ಣಮ್ಮ ಸೊಸೆಯನ್ನು ಗದರಿದರು. “ಗಂಗೆ ಬತ್ತಾವ್ಳೆ, ಬಾಯಿ ಮುಚ್ಕಂಡು ನಿಂತಿದೀಯಲ್ಲ. ಸೋಬಾನೆ ಏಳು!”

ಯಶೋಧಾ ನೀರಿನೊಳಕ್ಕೆ ಹೆಜ್ಜೆಯಿಟ್ಟು ಬಿಂದಿಗೆಗೆ ಕೈಕೊಟ್ಟಳು. ಗಂಟಲಲ್ಲಿ ಬೈಗುಳವೇ ತುಂಬಿತ್ತು. ಆ ಬೈಗುಳದ ದನಿಯಲ್ಲೇ, ಗೇಟಿನ ಕಡೆಗೆ ತಿರುಗಿ, ಅವಳು ಸೋಬಾನೆ ಎತ್ತಿದಳು.