ನಾಲಿಗೆಯ ಕೆಳಗಿನ ಮಾತ್ರೆ

ಬ್ಯೂಟಿ ಪಾರ್ಲರ್ ನಡೆಸುವವಳಿಗೆ ಮುಖವೇ ಬೋರ್ಡು. ಆ ಬೋರ್ಡು ಈಚೆಗೆ ಊದಿ ಗುಂಡಗಾಗಿತ್ತು. ಕೆಮ್ಮಿದರೆ ರಕ್ತ ಬರುತ್ತಿದ್ದಾಗ ನೆಂಟರೆಲ್ಲ ಕ್ಷಯವೆಂದೇ ತೀರ್ಪು ಕೊಟ್ಟಿದ್ದರು. ಶ್ವಾಸಕೋಶದ ಚೂರು ತೆಗೆದು ಪರೀಕ್ಷಿಸಿದ ಡಾಕ್ಟರಮ್ಮ, "ಕ್ಷಯ ಅಲ್ಲ, ಒಳಗಿನ ರಕ್ತನಾಳಗಳ ಉರಿಯೂತ" ಎಂದು ಸ್ಟೀರಾಯ್ಡ್ ಮಾತ್ರೆ ಬರೆದರು. ರಕ್ತ ನಿಂತಿತು, ಮುಖ ಉಬ್ಬಿತು.

"ಅಕ್ಕಾ, ಮೊದ್ಲು ನಿಮ್ಮ ಮುಖಕ್ಕೇನಾದ್ರೂ ಹಚ್ಕೊಳ್ಳಿ" ಎಂದು ಗಿರಾಕಿಯೊಬ್ಬಳು ನಕ್ಕ ಮರುದಿನದಿಂದಲೇ ಅವಳು ಮಾತ್ರೆಯನ್ನು ನಾಲಿಗೆಯ ಕೆಳಗೆ ಅಡಗಿಸಿ, ಬಚ್ಚಲಲ್ಲಿ ಉಗುಳತೊಡಗಿದಳು. ಮುಖ ಇಳಿಯಿತು. ರಕ್ತ ಮರಳಿತು.

ಈಗ ಡಾಕ್ಟರಮ್ಮ ಎಕ್ಸ್‌ರೇ ನೋಡಿ ಹುಬ್ಬುಗಂಟಿಕ್ಕಿದರು. "ಮಾತ್ರೆ ಕೈಕೊಟ್ಟ ಹಾಗಿದೆ. ಇನ್ನು ಡ್ರಿಪ್ಪಲ್ಲಿ ಜೋರು ಮದ್ದು ಹಾಕ್ಬೇಕು. ಅದಕ್ಕೆ ಅದರದೇ ಅಪಾಯ ಇದೆ. ಮಾತ್ರೆ ತಪ್ಪಿಸಿಲ್ಲ ತಾನೆ?"

"ಛೇ! ನಾನೇ ಕೈಗೆ ಕೊಟ್ಟು, ಮುಂದೆ ನಿಂತು ನೋಡ್ತೀನಿ" ಎಂದ ಗಂಡ. ಬಸ್ಸಿನ ಟಿಕೆಟ್ ಚೆಕ್ಕರು. "ನನ್ನ ಕಣ್ಣು ತಪ್ಪಿಸಿ ಬಸ್ಸಿಂದ್ಲೇ ಯಾರೂ ಇಳಿದಿಲ್ಲ, ಡಾಕ್ಟ್ರೇ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಳ್ಳುವವರಿದ್ದಾರೆ. ಇವಳು ಕೆನ್ನೆ ಮುಟ್ಟಿಕೊಂಡಳು.

ಗಂಡನ ದನಿ ಸಣ್ಣದಾಯಿತು. "ತಪ್ಪು ನಂದೇ ಇರ್ಬೇಕು. ನೀವು ತಿಂಡಿ ಆದ್ಮೇಲೆ ಅಂದಿದ್ರಿ. ಡ್ಯೂಟಿ ಅವಸರದಲ್ಲಿ ಒಂದೆರಡು ಸಲ ಮುಂಚೇನೇ ಕೊಟ್ಬಿಟ್ಟೆ. ಅದಕ್ಕೇ ಹೀಗಾಯ್ತಾ?"

ಅಷ್ಟು ದಿನದಿಂದ ಅದನ್ನು ಎದೆಯಲ್ಲಿ ಹೊತ್ತುಕೊಂಡೇ ಡ್ಯೂಟಿಗೆ ಹೋಗಿಬರುತ್ತಿದ್ದನಲ್ಲ, ಪುಣ್ಯಾತ್ಮ!

"ನಾನು ನುಂಗ್ಲೇ ಇಲ್ಲ" ಎಂದಳು ಅವಳು, ನೆಲ ನೋಡುತ್ತ.

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. "ಇದನ್ನ ಥಟ್ಟನೆ ನಿಲ್ಲಿಸಿದ್ರೆ ಜೀವಕ್ಕೇ ಕುತ್ತು, ತಾಯಿ. ಇವತ್ತೇ ಅಡ್ಮಿಟ್ ಆಗಿ. ಮೊದ್ಲು ಹಳೇ ಮದ್ದೇ ಶುರು ಮಾಡೋಣ; ಜೋರಿಂದು ಬೇಕಾ ಅಂತ ಆಮೇಲೆ ನೋಡೋಣ. ಡೋಸ್ ಇಳಿಸ್ತಾ ಹೋದ್ರೆ ಮುಖಾನೂ ಇಳಿಯುತ್ತೆ. ನನ್ನನ್ನ ಒಂದ್ಮಾತು ಕೇಳ್ಬಾರ್ದಿತ್ತಾ?"

ಕೇಳಬಹುದಿತ್ತು. ಬೀದಿಯ ಹೆಂಗಸರ ಮೊಡವೆ, ಮೀಸೆಗಳ ಗುಟ್ಟನ್ನೆಲ್ಲ ಕೇಳಿಸಿಕೊಂಡವಳಿಗೆ ತನ್ನದೊಂದನ್ನು ಹೇಳಿಕೊಳ್ಳಲು ನಾಚಿಕೆಯಾಗಿತ್ತು.

ವಾರ್ಡಿನಲ್ಲಿ ನರ್ಸು ಮಾತ್ರೆ ಕೊಟ್ಟು ಹೋದಳು. ಗಂಡ ನೀರಿನ ಲೋಟ ಚಾಚಿ, ಕಿಟಕಿಯತ್ತ ಮುಖ ತಿರುಗಿಸಿಕೊಂಡ.

"ಬೈದಾದ್ರೂ ಬಿಡಿ."

ಅವಳು ನುಂಗಿದಳು. "ರೀ, ಇಲ್ಲಿ ನೋಡಿ" ಎಂದು ಬಾಯಿ ಅಗಲಿಸಿ, ಮಕ್ಕಳ ಹಾಗೆ ನಾಲಿಗೆ ಎತ್ತಿ ತೋರಿಸಿದಳು.

"ಬೇಡ ಬಿಡು" ಎಂದ ಚೆಕ್ಕರು, ಕಿಟಕಿಯಿಂದ ಕಣ್ಣು ತೆಗೆಯದೆ. "ನುಂಗಿದೆ ಅಂತ ನೀನಂದ್ರೆ ಸಾಕು."

ತೆರೆದ ಬಾಯಿಯನ್ನು ಮುಚ್ಚಿಕೊಳ್ಳಲು ಅವಳಿಗೆ ಬಹಳ ಹೊತ್ತು ಹಿಡಿಯಿತು.