ಮೂತಿ ಬಿಚ್ಚಿದ ಕಾರು

ಚಪ್ಪಲಿ ಮತ್ತೆ ಬಂತು, ನೀಲಿ ಹವಾಯಿ ಚಪ್ಪಲಿ, ಎಡಗಾಲಿನದರ ಬಾರಿಗೆ ತಂತಿ ಸುತ್ತಿದ್ದು, ಕಾರಿನ ಕೆಳಗೆ ಅಂಗಾತ ಮಲಗಿದ ಶಾಂಭವಿಗೆ ಈಗ ಲೋಕವೆಂದರೆ ಅಷ್ಟೇ, ಎರಡು ಪಾದ, ಪೋರ್ಟಿಕೋದ ಟೈಲ್ಸು, ಟೈಲ್ಸಿನ ಮೇಲೆ ಹಾಸಿದ ರಟ್ಟು, ರಟ್ಟಿನ ಮೇಲೆ ಒದ್ದೆ — ಮನೆ ಮಾಲೀಕ ರಾಮಾಂಜಿನಪ್ಪ ಬೆಳಗಿನಿಂದ ಎಷ್ಟನೆಯ ಸಲವೋ ಮಹಡಿ ಇಳಿದು ಬಂದಿದ್ದಾರೆ, ಬಂದವರು ಸುಮ್ಮನೆ ನಿಲ್ಲಬಾರದೆ, ನಿಲ್ಲುವುದಿಲ್ಲ, ರೇಡಿಯೇಟ್ರಿಗೆ ಒಂದ್ ಇಡಿ ಅರಿಶ್ಣ ಆಕವ್ವ, ಸುಮ್ಕೆ ಯಾಕ್ ಬಿಚ್ಕಂಡ್ ಕುಂತಿದ್ದೀಯ, ನಮ್ ಟ್ರ್ಯಾಕ್ಟ್ರಿಗೆ ನಾವ್ ಅದ್ನೇ ಆಕ್ತಿದ್ದಿದ್ದು, ತೂತು ತಾನೇ ಮುಚ್ಕತದೆ. ಇದು ಟ್ರ್ಯಾಕ್ಟರ್ ಅಲ್ಲ ಅಂಕಲ್, ಅಂದಳೋ ಅಂದುಕೊಂಡಳೋ, ಬಾಯಲ್ಲಿ ಟಾರ್ಚು ಇತ್ತು. ಟ್ರ್ಯಾಕ್ಟರ್ ಆಗಿದ್ದರೆ ಎಷ್ಟೋ ವಾಸಿ, ಮುಂದೆ ಎಂಜಿನ್ನು, ಅದರ ಮುಂದೆ ರೇಡಿಯೇಟರ್, ನಾಲ್ಕು ಬೋಲ್ಟು, ಮುಗಿಯಿತು, ಇದರ ಎಂಜಿನ್ನು ಬೆನ್ನಿಗೆ, ರೇಡಿಯೇಟರ್ ಮೂತಿಗೆ, ಅದೂ ಒಂದಲ್ಲ, ಎರಡು ಕೆನ್ನೆಗೆ ಎರಡು, ನಡುವೆ ಉದ್ದಕ್ಕೂ ಪೈಪು, ಒಂದನ್ನು ಬದಲಿಸಬೇಕಾದರೂ ಇಡೀ ಮೂತಿ ಬಿಚ್ಚಿ ಗೋಡೆಗೆ ಒರಗಿಸಬೇಕು, ಒರಗಿಸಿದ್ದಾಳೆ, ಮೂತಿ ಗೋಡೆಯ ಕಡೆಯಿಂದ ನಗುತ್ತಿದೆ. ಇಬ್ಬರೇ ಕೂರಬಹುದಾದ, ಒಂದು ಮೂಟೆ ಅಕ್ಕಿ ಇಡಲು ಜಾಗವಿಲ್ಲದ, ಹಂಪು ಕಂಡರೆ ಏಡಿಯಂತೆ ಓರೆಯಾಗಿ ಹತ್ತಬೇಕಾದ ಕಾರು, ವರ್ಷವಿಡೀ ಯಾರಾದರೊಬ್ಬರು ಅಗೆಯುತ್ತಲೇ ಇರುವ ಬ್ರೂಕ್‌ಫೀಲ್ಡಿನ ರಸ್ತೆಗೆ, ಯಾವ ಬುದ್ಧಿವಂತ ತರುತ್ತಾನೆ, ಅವಳ ಗಂಡ ಲಿಖಿತ್ ತಂದ, ಸೆಕೆಂಡ್ ಹ್ಯಾಂಡು, ತಂದ ವಾರಕ್ಕೇ ಸೋರಿತು, ಸೋರಿದರೇನು ಕಣೇ, ಹಳೇ ಕಾರಿಗೆ ಅದೊಂದು ಗೌರವ ಅಂದ, ನಗಿಸಿದ, ಒಂದು ಭಾನುವಾರ ಷಟಲ್ ಆಡಲು ಹೋದವನು ಕೋರ್ಟಿನಲ್ಲೇ ಕುಳಿತ, ಕುಳಿತವನು ಏಳಲಿಲ್ಲ, ಮೂವತ್ತಮೂರನೇ ವಯಸ್ಸಿಗೆ ಹೃದಯ ನಿಲ್ಲುವುದುಂಟೆ ಎಂದು ಎಲ್ಲರೂ ಅವಳನ್ನೇ ಕೇಳಿದರು, ಉತ್ತರ ಗೊತ್ತಿದ್ದೂ ಬಚ್ಚಿಟ್ಟವಳನ್ನು ಕೇಳುವ ಹಾಗೆ. ಅಳಮ್ಮಾ, ಅಳದೇ ಇರಬಾರದು ಅಂದರು. ಅಳು ಬರಲಿಲ್ಲ, ಏನೂ ಬರಲಿಲ್ಲ, ಸಿಟ್ಟೊಂದು ಬರುತ್ತದೆ, ಈ ಸ್ಕ್ರೂವಿನ ಮೇಲೆ, ನಕ್ಷತ್ರದ ತಲೆಯ ಈ ಸ್ಕ್ರೂ ಯಾವ ಪುಣ್ಯಾತ್ಮ ಕಂಡುಹಿಡಿದನೋ, ತಿರುಗಿದರೆ ತಿರುಗಿತು, ಇಲ್ಲದಿದ್ದರೆ ತಲೆ ಸವೆದುಕೊಂಡು ಕೂರುತ್ತದೆ. ಐದಕ್ಕೆ ವಸಂತ್ ಭಾವ ಟೋ ಗಾಡಿ ಕರೆದುಕೊಂಡು ಬರುತ್ತಾರೆ, ಲಿಖಿತನ ಅಣ್ಣ, ನಾಗಸಂದ್ರದಲ್ಲಿ ಕಾರು ಕೊಳ್ಳುವವರನ್ನು ಗೊತ್ತುಮಾಡಿದವರು ಅವರೇ, ಮಾರಲಿ, ಬೇಡವೆಂದವರಾರು, ಆದರೆ ಅಲ್ಲಿಯವರೆಗೆ ಅದು ತನ್ನ ಚಕ್ರದ ಮೇಲೆ ಹೋಗಬೇಕು, ಕಟ್ಟಿ ಮಲಗಿಸಿ ಹೊತ್ತುಕೊಂಡು ಹೋಗುವುದು ಬೇಡ, ಈ ಗೇಟಿನಿಂದ ಹಾಗೆ ಒಬ್ಬ ಹೋದದ್ದು ಸಾಕು — ಈ ಕೊನೆಯ ಮಾತು ಭಾವನಿಗೆ ಹೇಳಿಲ್ಲ, ನಾನೇ ಓಡಿಸಿಕೊಂಡು ಬರ್ತೀನಿ ಎಂದಷ್ಟೇ ಹೇಳಿದ್ದು. ನೋಡಮ್ಮಾ, ದಾರೀಲಿ ಹೊಗೆ ಬಂದ್ರೆ ಯಾರು ನೋಡ್ಕೋತಾರೆ, ಒಂದು ಹನಿ ಸೋರಿದ್ರೂ ಗಾಡಿ ಮೇಲೆ ಏರಿಸಿಬಿಡೋದು, ಸರಿನಾ, ಅಂದಿದ್ದರು ಭಾವ. ಸರಿ ಅಂದಿದ್ದಳು.

ಹೊಸ ರೇಡಿಯೇಟರ್ ಎರಡೂ ಪಡಸಾಲೆಯಲ್ಲಿ ಪೆಟ್ಟಿಗೆಯಲ್ಲಿವೆ, ಅವನೇ ಹೊರದೇಶದಿಂದ ತರಿಸಿದ್ದು, ಅವನೇ ಹಾಕಬೇಕೆಂದಿದ್ದದ್ದು, ಹಡಗಿನಲ್ಲಿ ತೇಲಿಕೊಂಡು ಬರುವಷ್ಟರಲ್ಲಿ ಅವನಿರಲಿಲ್ಲ, ಪೆಟ್ಟಿಗೆ ಇಳಿಸಿದ ಹುಡುಗ ಸಾರ್ ಇಲ್ವಾ ಮೇಡಂ, ಸಾರ್ ಫೋನಿಗೇ ಓಟಿಪಿ ಹೋಗಿರೋದು ಅಂದ, ಸಾರ್ ಫೋನು ಮಂಚದ ಪಕ್ಕ ಚಾರ್ಜಿಗೇ ಇತ್ತು, ಇವತ್ತಿಗೂ ಇದೆ, ನಾಲ್ಕಂಕಿ ಓದಿ ಹೇಳಿದಳು, ಆರಾಮಾಗಿ, ಹಾಲಿನವನಿಗೆ ಹೇಳುವ ಹಾಗೆ, ಆಗಲೂ ಏನೂ ಆಗಲಿಲ್ಲ. ಸ್ಕ್ರೂ ಬಂತು. ಬಂತಲ್ಲ ಶನಿ. ಇನ್ನು ಕೆಳಗಿನ ಹೋಸು, ರಬ್ಬರ್ ಕೊಳವೆ, ಅದರ ಕ್ಲಿಪ್ಪು, ಇಕ್ಕಳದಲ್ಲಿ ಹಿಡಿದು ಹಿಂದಕ್ಕೆ ಸರಿಸಬೇಕು, ಸರಿಸಿದರೆ ಚಿಮ್ಮುತ್ತದೆ, ಅಕ್ಕಿ ತೊಳೆಯುವ ಬೇಸನ್ನನ್ನು ಕೆಳಗೆ ನೂಕಿದಳು, ಚಿಮ್ಮಿತು, ತೋಳಿನ ಮೇಲೆ, ಕತ್ತಿನ ಮೇಲೆ, ಥತ್, ಬೇಸನ್ನಿಗೆ ಬಿತ್ತು ಕೊನೆಗೆ, ಹಸಿರು ಇರಬೇಕಿತ್ತು, ಎಂಜಿನ್ನು ತಣಿಸುವ ಕೂಲಂಟ್ ಹಸಿರು ತಾನೇ, ಇದೇನು ಹಳದಿ, ತುಕ್ಕೇ, ತುಕ್ಕು ಕೆಂಪಗಿರುತ್ತದೆ, ಟಾರ್ಚು ಹಿಡಿದಳು, ಸಾರಿನ ಪಾತ್ರೆ ತೊಳೆದ ನೀರಿನಂತಹ ಹಳದಿ, ಹಿಂದೆಯೇ ಗೊಜ್ಜಿನಂತೆ ಗಟ್ಟಿಯಾದದ್ದೊಂದು ತೊಪ್ಪನೆ ಬಿತ್ತು, ಬೆರಳಲ್ಲಿ ಉಜ್ಜಿದಳು, ಮೂಗಿಗೆ ಹಿಡಿದಳು, ಅಡುಗೆಮನೆ. ಅಂಕಲ್, ಅಂದಳು. ಚಪ್ಪಲಿ ಅಲುಗಲಿಲ್ಲ. ಅಂಕಲ್, ಇದರಲ್ಲಿ ಅರಿಶಿನ ಹಾಕಿದ್ದು ಯಾರು. ಒಂದು ಚಪ್ಪಲಿ ಇನ್ನೊಂದರ ಮೇಲೆ ಹತ್ತಿತು, ಇಳಿಯಿತು. ನಾನಲ್ಲ ಕಣವ್ವ, ಅಂದರು ರಾಮಾಂಜಿನಪ್ಪ, ನಾನು ಏಳ್ಕೊಟ್ಟೆ ಅಷ್ಟೇ, ಆಕಿದ್ದು ನಿನ್ ಯಜಮಾನ್ರೇ, ನಿಂಗ್ ಏಳ್ಬ್ಯಾಡಿ ಅಂದ್ರು, ಇಂಜಿನೇರ್ ಆಗಿ ಇಂಗೆಲ್ಲ ಮಾಡಿದ್ದು ಗೊತ್ತಾದ್ರೆ ಅವ್ಳು ಸಾಯೋಗಂಟ ಆಡ್ಕತಾಳೆ ಅಂದ್ರು. ಕಾರಿನ ಕೆಳಗೆ ಜಾಗ ಸಾಲಲಿಲ್ಲ, ಏಳಲು ಹೋಗಿ ಹಣೆ ಬಡಿಯಿತು, ಯಾವಾಗ, ಯಾವಾಗ ಹಾಕಿದ್ದು ಅಂಕಲ್, ನೀನ್ ತುಮ್ಕೂರಿಗೆ ಪರೀಕ್ಸೆಗೋ ಏನಕ್ಕೋ ಓಗಿದ್ದೆಯಲ್ಲ, ಅದ್ರ ಮುಂಚಿನ ಸಾಯಂಕಾಲ. ಪರೀಕ್ಷೆಯಲ್ಲ, ವೈವಾ, ಕೆರೆ ನೀರಿನ ಬಗ್ಗೆ ಐದು ವರ್ಷ ಬರೆದ ಪ್ರಬಂಧಕ್ಕೆ ತುಮಕೂರು ವಿಶ್ವವಿದ್ಯಾಲಯದಲ್ಲಿ ವೈವಾ, ಕ್ಯಾಬ್ ಮಾಡ್ತೀನಿ ಅಂದಿದ್ದಳು ಅವಳು, ಡಾಕ್ಟರೇಟ್ ತಗೊಳೋಳು ಕ್ಯಾಬಲ್ಲಿ ಹೋಗ್ಬಾರ್ದು ಕಣೇ, ನಮ್ಮ ಕಾರಲ್ಲೇ ಅಂದಿದ್ದ ಅವನು, ಸೋರತ್ತಲ್ಲೋ ನಿನ್ನ ಕಾರು, ಸೋರಲ್ಲ, ನೋಡ್ತಿರು — ಆ ಸಂಜೆ, ಹೌದು, ಅಡುಗೆಮನೆಯಿಂದ ಅವಳನ್ನು ಸವರಿಕೊಂಡೇ ಆಚೆ ಹೋದ, ಬಲಗೈ ಮುಷ್ಟಿ ಕಟ್ಟಿತ್ತು, ಬೆರಳ ಸಂದಿಯಲ್ಲಿ ಹಳದಿ, ಏನದು ಕೈಲಿ ಅಂದಳು, ಏನಿಲ್ಲ ಅಂದ, ಕೈ ಕುಯ್ದುಕೊಂಡಿರಬೇಕು, ಗಾಯಕ್ಕೆ ಒತ್ತಿ ಹಿಡಿದಿರಬೇಕು ಎಂದುಕೊಂಡಳು, ಒಳಗೆ ಬಂದು ನೋಡಿದರೆ ಡಬ್ಬಿಯ ಮುಚ್ಚಳ ತೆಗೆದೇ ಇದೆ, ಕಟ್ಟೆಯ ತುಂಬ ಪುಡಿ, ಕೂಗಾಡಿದಳು, ಒಂದು ಗಾಯಕ್ಕೆ ಅರ್ಧ ಡಬ್ಬಿ ಬೇಕೇನೋ, ಒರೆಸೋರು ಯಾರು, ನಿಮ್ಮಮ್ಮನಾ. ಆಗ ಅವನು ಇಲ್ಲಿ ಬಗ್ಗಿ ನಿಂತಿದ್ದಿರಬೇಕು, ಈ ಟೈಲ್ಸಿನ ಮೇಲೆಯೇ, ಈ ಹವಾಯಿ ಚಪ್ಪಲಿಯ ಪಕ್ಕದಲ್ಲೇ, ಶಿಷ್ಯನ ಹಾಗೆ.

ಕಾಫಿ ಹಿಡಿದುಕೊಂಡು ಲಕ್ಷ್ಮಮ್ಮ ಇಳಿದು ಬಂದರು, ರಾಮಾಂಜಿನಪ್ಪನವರ ಹೆಂಡತಿ, ಮೊದಲೆಲ್ಲ ಶುಕ್ರವಾರ ಕರೆದು ಅರಿಶಿನ ಕುಂಕುಮ ಕೊಟ್ಟು ಕೆನ್ನೆ ನೀವುತ್ತಿದ್ದವರು, ಈಗ ಬಾಳೆಹಣ್ಣು ಕೊಡುತ್ತಾರೆ, ಬರೀ ಬಾಳೆಹಣ್ಣು, ತಟ್ಟೆಯನ್ನು ಬೆನ್ನ ಹಿಂದಕ್ಕೆ ಸರಿಸಿ, ಅದು ಅವಳಿಗೆ ಕಾಣಲಿಲ್ಲವೆಂದು ಅವರ ಎಣಿಕೆ, ಕಂಡಿತ್ತು, ಕಂಡೂ ನೋವಾಗಿರಲಿಲ್ಲ. ಈಗ ಅವಳ ಮೊಣಕೈವರೆಗೆ ಹಳದಿ. ಲೋಟ ಚಾಚಿದ ಕೈ ಅಲ್ಲೇ ನಿಂತಿತು. ತೊಳ್ಕಳವ್ವ, ಅಂದರು ಮೆಲ್ಲಗೆ, ನಿಮ್ ಬಾವ ಬರೋ ಒತ್ತು. ತೊಳೆಯಲು ಹೋದರೆ ಬಟ್ಟೆ ಸೋಪು ತಾಗಿದ್ದೇ ತಡ ಕೆಂಪಗಾಯಿತು, ಓಕುಳಿಯ ಕೆಂಪು, ಕೆರೆ ನೀರಿನ ಕ್ಷಾರ ನೋಡಿ ನೋಡಿ ಡಾಕ್ಟರೇಟ್ ಪಡೆದವಳಿಗೆ ಸೋಪಿನ ಕ್ಷಾರಕ್ಕೆ ಅರಿಶಿನ ಕೆಂಪಾಗುತ್ತದೆಂದು ಹೊಳೆಯಬಾರದೆ, ಇದೊಂದು ಬಾಕಿ ಇತ್ತು, ಇರಲಿ, ಹಾಗೇ ಬಂದಳು, ಲಕ್ಷ್ಮಮ್ಮ ನೋಡಿದರು, ಲೋಟ ಕೈಗೇ ಕೊಟ್ಟರು, ಬೆರಳಿಗೆ ಬೆರಳು ತಾಗಿತು. ಹೊತ್ತಿಲ್ಲ. ಪೈಪಿಗೆಲ್ಲ ನೀರು ಬಿಟ್ಟು ಹಳದಿ ಹೋಗುವವರೆಗೂ ತೊಳೆಯಬೇಕು, ಅದು ಹೋಗುವುದೇ ಇಲ್ಲ, ಬಿಟ್ಟಷ್ಟೂ ಬರುತ್ತದೆ, ಎಷ್ಟು ಹಾಕಿದೆಯೋ ಮಾರಾಯ, ಟ್ರ್ಯಾಕ್ಟರಿಗೆ ಹೇಳಿದ ಲೆಕ್ಕವನ್ನು ಎರಡು ರೇಡಿಯೇಟರ್ ಇವೆಯಲ್ಲ ಎಂದು ಎರಡರಷ್ಟು ಮಾಡಿದೆಯೋ, ನಿನ್ನ ಬುದ್ಧಿಗೆ ಅದೇ ಸರಿ. ಹೊಸವೆರಡೂ ಕೂತವು, ಎಡಗಡೆಯದು ಸತಾಯಿಸಿತು, ರಾಮಾಂಜಿನಪ್ಪ ಕೇಳದೆಯೇ ಬಗ್ಗಿ ಒಂದು ಕಡೆ ಹಿಡಿದರು, ಇನ್ನೊಂದು ಕಡೆ ಅವಳು, ಹಸಿರು ಹೊಯ್ದಳು, ಮೂತಿ ಸಿಕ್ಕಿಸಿದಳು, ಸ್ಟಾರ್ಟ್ ಆಯಿತು, ಪೈಪಿನೊಳಗಿನ ಗಾಳಿ ಹೋಗಬೇಕಾದರೆ ಹೀಟರ್ ಪೂರ್ತಿ ತೆರೆದಿಡಬೇಕಂತೆ, ಏಪ್ರಿಲ್ಲಿನ ಮಧ್ಯಾಹ್ನ, ಬಾಗಿಲು ತೆರೆದ ಒಲೆಯೊಳಗೆ ಕೂತ ಹಾಗೆ, ಬೆವರು ಕಣ್ಣಿಗಿಳಿಯಿತು, ಒರೆಸಿಕೊಳ್ಳಲು ಕೈಯೇ ಸರಿಯಿಲ್ಲ, ಎಂಜಿನ್ನಿನ ಬಿಸಿ ತೋರಿಸುವ ಮುಳ್ಳು ಮೇಲೇರುತ್ತಿದೆ, ಏರು, ನಡುವಿಗೆ ಬಂದು ನಿಲ್ಲು, ನಿಲ್ಲಬೇಕು, ತುಮಕೂರಿಗೆ ಹೋದ ದಿನ ದಾರಿಯುದ್ದಕ್ಕೂ ಅವನೂ ಇದನ್ನೇ ನೋಡುತ್ತಿದ್ದ, ರಸ್ತೆ ನೋಡೋ ಎಂದು ನೆಲಮಂಗಲದ ಟೋಲಿನಲ್ಲಿ ಬೈದಳು, ಡಾಬಸ್‌ಪೇಟೆಯಲ್ಲಿ ಬೈದಳು, ನನ್ನ ವೈವಾ ದಿನವಾದರೂ ಈ ಡಬ್ಬಾ ಬಿಟ್ಟು ನನ್ನ ಕಡೆ ನೋಡಬಾರದಾ ಎಂದು ಮುಖ ಊದಿಸಿಕೊಂಡಳು, ಅವನು ನಕ್ಕ, ಮತ್ತೆ ಮುಳ್ಳು ನೋಡಿದ, ಮುಷ್ಟಿ ಅರಿಶಿನದ ಮೇಲೆ ಅವಳನ್ನು ಕೂರಿಸಿಕೊಂಡು ಹೊರಟಿದ್ದನಲ್ಲ, ನೋಡದೆ ಏನು ಮಾಡಿಯಾನು.

ಟೋ ಗಾಡಿ ಐದಕ್ಕೆ ಮುಂಚೆಯೇ ಬಂದು ಗೇಟಿಗೆ ಅಡ್ಡ ನಿಂತಿತು, ಹಗ್ಗ, ಕೊಕ್ಕೆ, ಇಳಿಜಾರಿನ ಹಲಗೆ, ಹಿಂದೆ ಭಾವನ ಕಾರು. ವಸಂತ್ ಭಾವ ಮಂಡಿಯೂರಿದರು, ಒಣ ರಟ್ಟು ಕೇಳಿ ತರಿಸಿ ಕಾರಿನ ಕೆಳಗೆ ತಳ್ಳಿದರು, ಒಳ್ಳೆಯವರು, ಒಳ್ಳೆಯವರಾದ್ದರಿಂದಲೇ ಸಿಟ್ಟು ಬರುವುದು, ಎಲ್ಲರೂ ನೋಡಿದರು, ಎಂಜಿನ್ನು ಗುರುಗುಟ್ಟುತ್ತಿದೆ, ಫ್ಯಾನು ತಾನಾಗಿ ತಿರುಗತೊಡಗಿತು, ಮುಳ್ಳು ನಡುವೆ ನಿಂತಿತು, ಆಗ ಬಿತ್ತು, ಕಾರಿನ ಎಡಗೆನ್ನೆಯ ಕೆಳಗೆ, ಟಪ್ ಎಂದು ಒಂದು ಹನಿ. ಭಾವ ಉಸಿರು ಬಿಟ್ಟರು, ಸಾಕು ಬಿಡಮ್ಮಾ, ಅಂದರು, ನೀನು ಮಾಡೋದೆಲ್ಲ ಮಾಡಿದೀಯ, ಹಲಗೆ ಇಳಿಸಪ್ಪ. ಇಳಿಸಬೇಡಿ, ಅಂದಳು. ಎಂಜಿನ್ನು ಆರಿಸಿದಳು, ಕೇಳದೆ ಬಗ್ಗಿದಳು, ಮಲಗಿದಳು, ಸುಡುವ ಕಬ್ಬಿಣದ ನಡುವೆ ಕೈ ತೂರಿಸಿದಳು, ಇತ್ತು, ಮೇಲಿನ ಹೋಸಿನ ಕ್ಲಿಪ್ಪು ಅರ್ಧದಲ್ಲೇ ನಿಂತಿತ್ತು, ಅವಸರಕ್ಕೆ ಬಿಟ್ಟಿದ್ದಳು, ಇಕ್ಕಳದಲ್ಲಿ ಹಿಡಿದು ಮುಂದೊತ್ತಿದಳು, ಮುಂಗೈ ಸುಟ್ಟಿತು, ಸುಡಲಿ, ಕಚ್ಚಿಕೋ, ಕಚ್ಚಿಕೊಂಡಿತು. ಮತ್ತೆ ಸ್ಟಾರ್ಟು, ಮತ್ತೆ ಫ್ಯಾನು, ಮತ್ತೊಂದು ಒಣ ರಟ್ಟು. ಟೋ ಗಾಡಿಯವನು ಬೀಡಿ ಹಚ್ಚಿ ಮುಗಿಸಿದ, ರಟ್ಟು ಒಣಗಿಯೇ ಇತ್ತು. ಭಾವ ಅದನ್ನು ಎಳೆದು ಬೆಳಕಿಗೆ ಹಿಡಿದರು, ಬೆರಳಾಡಿಸಿದರು, ಅವಳ ಕೈ ನೋಡಿದರು, ಕೆಂಪು ಹಳದಿ ಬೆರೆತ ಕೈ, ಏನಮ್ಮಾ ಇದು, ಏನಿಲ್ಲ ಭಾವ — ಏನಿಲ್ಲ ಅಂದದ್ದು ತನ್ನ ಬಾಯೇ ಎಂದು ಬೆಚ್ಚಿದಳು. ಗಾಡಿ ಹಿಂದಕ್ಕೆ ತಗೊಳ್ಳಪ್ಪ, ದಾರಿ ಬಿಡು ಎಂದು ಭಾವ ಡ್ರೈವರನಿಗೆ ಕೂಗಿ ಹೇಳಿದರು, ನಾನು ನಿನ್ನ ಹಿಂದೇನೇ ಬರ್ತೀನಿ, ಜೋರಾಗಿ ಓಡಿಸಬೇಡ. ಗೇಟು ತೆರವಾಯಿತು. ಮೊದಲ ಗೇರು, ಕ್ಲಚ್ಚು, ಹೊಸ್ತಿಲ ಹಂಪು ಓರೆಯಾಗಿ ಹತ್ತಿ ಓರೆಯಾಗಿ ಇಳಿಯಿತು, ರಸ್ತೆ, ಎಡಕ್ಕೆ ಅಗೆದಿದ್ದಾರೆ, ಬಲಕ್ಕೆ ಹೋಗಬೇಕು, ಮುಳ್ಳು ನಡುವಿದೆ, ರಸ್ತೆ ನೋಡು, ಮುಳ್ಳು ನಡುವಿದೆ, ಎದುರಿನ ಕಾರಿನವನು ಹಾರ್ನ್ ಹೊಡೆಯುತ್ತಿದ್ದಾನೆ, ರಸ್ತೆ ಯಾಕೆ ಕಲಸಿಹೋಗುತ್ತಿದೆ, ವೈಪರ್ ಹಾಕಿದಳು, ಗಾಜು ಒಣಗಿಯೇ ಇದೆ, ವೈಪರ್ ಕಿರುಗುಟ್ಟಿತು, ಇಷ್ಟು ದಿನ ಎಲ್ಲಿತ್ತು ಇದು, ಈಗಲೇ ಬರಬೇಕೆ, ಪಕ್ಕಕ್ಕೆ ನಿಲ್ಲಿಸಿದಳು, ಹಿಂದೆ ಭಾವನ ಕಾರೂ ನಿಂತಿತು, ಕಾಯಲಿ, ಆ ಸಂಜೆಯ ಅಡುಗೆಮನೆ, ಏನದು ಕೈಲಿ, ಏನಿಲ್ಲ ಕಣೇ, ತೋರಿಸು, ಏನಿಲ್ಲ ಅಂದೆನಲ್ಲ, ತೋರಿಸೋ ಲಿಖಿತ್, ಸವರಿಕೊಂಡು ಹೋದ, ಬಾಗಿಲು ದಾಟಿದ, ಬೆನ್ನು, ಬೆನ್ನ ಹಿಂದೆ ಕಟ್ಟಿದ ಮುಷ್ಟಿ, ಬೆರಳ ಸಂದಿಯಲ್ಲಿ ಹಳದಿ, ಕಟ್ಟಿದ ಮುಷ್ಟಿ, ಬೆರಳ ಸಂದಿಯಲ್ಲಿ