ಪ್ರಮೋದನ ಲಾರಿಯ ಪಂಪು

ಪ್ರಮೋದ ತೀರಿಕೊಂಡು ಮೂರು ತಿಂಗಳಾದ ಮೇಲೆ ಅವನ ಹೆಂಡತಿ ಅಮಿತಾ ಫೋನ್ ಮಾಡಿದಳು.

"ಅಣ್ಣಾ, ಲಾರಿಗೆ ಗಿರಾಕಿ ಸಿಕ್ಕಿದಾರೆ. ಭಾನುವಾರ ವೆಲ್ಲಿಂಗ್ಟನ್ ಹತ್ರದ ಅಪ್ಪರ್ ಹಟ್‌ನಿಂದ ಪ್ಲೇನ್ ಹತ್ತಿ ಬರ್ತಾರಂತೆ. ಎಂಜಿನ್ನಲ್ಲಿ ಎಲ್ಲಾ ಒರಿಜಿನಲ್ ಪಾರ್ಟೇ ಇದ್ರೆ ಮಾತ್ರ ತಗೋತಾರಂತೆ. ನೀವು ಒಂದ್ಸಲ ನೋಡಿ ಬರ್ಕೊಟ್ಬಿಡಿ, ಸಾಕು."

"ಅಷ್ಟೇ ತಾನೇ" ಅಂದೆ. ಫೋನ್ ಇಟ್ಟು ಒಂದು ಲೋಟ ನೀರು ಕುಡಿದೆ. ಯಾಕಂದ್ರೆ ಆ ಎಂಜಿನ್ನಿನ ಡೀಸೆಲ್ ಪಂಪು ಒರಿಜಿನಲ್ ಅಲ್ಲ. ಒರಿಜಿನಲ್ ಪಂಪು ನನ್ನ ಲಾರಿಯಲ್ಲಿದೆ. ಬಿಚ್ಚಿಕೊಂಡವನು ನಾನೇ.

ನಾನು ನರಸಿಂಹ, ಹಿರಿಯೂರಿನವನು. ಅಪ್ಪನದು ಹೈವೇ ಪಕ್ಕ ಲಾರಿ ಗ್ಯಾರೇಜು. ಆಕ್ಲೆಂಡಿಗೆ ಬಂದು ಇಪ್ಪತ್ತು ವರ್ಷವಾಯಿತು. ಪೆನ್‌ರೋಸಿನ ಗೋಡೌನುಗಳಿಂದ ಲೋಡು ಹೊಡೆಯೋದು ನನ್ನ ಕೆಲಸ. ಆದರೆ ನಮ್ಮ ಕನ್ನಡದ ಜನ ಹಳೇ ವ್ಯಾನೋ ಪಿಕಪ್ಪೋ ಏನೇ ಕೊಳ್ಳಲಿ, ಮೊದಲು ಕರೆಯೋದು ನನ್ನನ್ನ. ನಾನು ಬಾನೆಟ್ ಎತ್ತಿ, ಇದು ಕಂಪನಿಯದು, ಇದು ನಕಲಿ ಅಂತ ಒಂದು ಚೀಟಿ ಬರೆದುಕೊಡ್ತೀನಿ. ಸಾಫ್ಟ್‌ವೇರಿನವರು, ಪಿಎಚ್‌ಡಿ ಮಾಡಿದವರು, ಯಾರೂ ಅದಕ್ಕೆ ಎದುರಾಡಿದ್ದಿಲ್ಲ. ಅದರ ಬಗ್ಗೆ ನನಗೆ ಸ್ವಲ್ಪ ಜಂಬವೂ ಇತ್ತು, ಸುಳ್ಳು ಯಾಕೆ ಹೇಳಲಿ.

ಪ್ರಮೋದ ಮೈಸೂರಿನವನು. ಇಲ್ಲಿಗೆ ಓದೋಕೆ ಬಂದು, ಓದು ಮುಗಿಸಿ, ಆ ಓದಿಗೆ ಇಲ್ಲಿ ಯಾರೂ ಕೆಲಸ ಕೊಡೋಲ್ಲ ಅಂತ ಗೊತ್ತಾದ ಮೇಲೆ ನನ್ನ ಮಾತು ಕೇಳಿ ಲಾರಿಗೆ ಇಳಿದವನು. ಜಪಾನಿನಲ್ಲಿ ಓಡಿ ಬಂದ ಎರಡು ಹಳೇ ಡೀಸೆಲ್ ಲಾರಿ ಒಂದೇ ದಿನ ಕೊಂಡೆವು. ಒಂದೇ ಮಾಡೆಲ್ಲು, ಒಂದೇ ಎಂಜಿನ್ನು. ಅವನಿಗೆ ಸ್ಪ್ಯಾನರ್ ಯಾವ ಕಡೆ ಹಿಡೀಬೇಕು ಅಂತಲೂ ಗೊತ್ತಿರಲಿಲ್ಲ. ರಿಪೇರಿ ಏನಿದ್ದರೂ ನನ್ನದೇ.

ಆರು ವರ್ಷದ ಹಿಂದೆ ಅವನೂ ಅಮಿತಾನೂ ಮೈಸೂರಿಗೆ ಹೋದಾಗ ಲಾರೀನ ನನ್ನ ಯಾರ್ಡಿನಲ್ಲಿ ಬಿಟ್ಟಿದ್ದರು. ಆ ವಾರವೇ ನನ್ನ ಪಂಪು ಕೈಕೊಡ್ತು. ಒರಿಜಿನಲ್ ಬರೋಕೆ ಎರಡು ತಿಂಗಳು ಅಂದರು. ನಕಲಿ ಬೇಕಿದ್ರೆ ನಾಳೆಯೇ ಅಂದರು. ನಕಲಿ ಪಾರ್ಟು ಹಾಕಿದ ಲಾರಿ ನಾನು ಓಡಿಸೋಲ್ಲ, ಅದು ನನ್ನ ನಿಯಮ. ಹಾಗಾಗಿ ನಕಲೀನ ಪ್ರಮೋದನ ಲಾರಿಗೆ ಹಾಕಿದೆ.

ಎರಡು ತಿಂಗಳಲ್ಲಿ ವಾಪಸ್ ಹಾಕಿಬಿಡೋಣ ಅಂತಲೇ ಇತ್ತು, ದೇವರಾಣೆಗೂ. ಅಷ್ಟರಲ್ಲಿ ಅವನು ಬಂದ, ಲಾರಿ ತಗೊಂಡು ಹೋದ, ಹೇಳೋಕೆ ಒಂದು ಒಳ್ಳೇ ದಿನ ಸಿಗಲಿಲ್ಲ. "ನರಸಿಂಹಣ್ಣ, ಗಾಡಿ ಏರು ಹತ್ತೋಲ್ಲ ಅಂತದೆ ಕಣೋ" ಅಂತ ಅವನು ಬಂದಾಗೆಲ್ಲ ಫಿಲ್ಟರ್ ಬದಲಾಯಿಸಿ ಕಳಿಸಿದೆ. ಆರು ವರ್ಷದಲ್ಲಿ ಹತ್ತೊಂಬತ್ತು ಫಿಲ್ಟರು. ಅಷ್ಟು ಶುದ್ಧವಾದ ಡೀಸೆಲ್ಲನ್ನ ಆಕ್ಲೆಂಡಿನಲ್ಲಿ ಬೇರೆ ಯಾವ ಎಂಜಿನ್ನೂ ಕುಡಿದಿರಲಿಕ್ಕಿಲ್ಲ.

ಶನಿವಾರ ಬೆಳಿಗ್ಗೆ ನನ್ನ ಲಾರಿಯಿಂದ ಪಂಪು ಬಿಚ್ಚಿ, ಹಳೇ ಟವೆಲಿನಲ್ಲಿ ಸುತ್ತಿಕೊಂಡು ಮೌಂಟ್ ಆಲ್ಬರ್ಟಿನಲ್ಲಿದ್ದ ಅಮಿತಾಳ ಮನೆಗೆ ಹೋದೆ. ಯೋಚನೆ ಸರಳವಾಗಿತ್ತು. ಸ್ವಲ್ಪ ಸರ್ವೀಸ್ ಮಾಡ್ತೀನಿ ಅನ್ನೋದು, ಪಂಪು ಕೂರಿಸೋದು, ಚೀಟಿ ಬರೆದು ಕೊಡೋದು. ಸತ್ತವನು ಕೇಳೋಲ್ಲ, ಇದ್ದವಳಿಗೆ ಗೊತ್ತಾಗೋಲ್ಲ.

ಡ್ರೈವ್‌ವೇಯಲ್ಲೇ ಪ್ರಮೋದನ ಲಾರಿಯ ಕ್ಯಾಬಿನ್ ಮುಂದಕ್ಕೆ ಬಗ್ಗಿಸಿ ಕೆಲಸಕ್ಕೆ ಕೂತೆ. ನಕಲಿ ಪಂಪು ಆಚೆ ಬಂತು. ಕಂಪನಿಯ ನಂಬರಿನ ತಗಡು ಇರಬೇಕಾದ ಕಡೆ ಬರೀ ಬಣ್ಣ. ಅದನ್ನ ಬಕೆಟಿಗೆ ಹಾಕಿ, ಜಾಗ ಒರೆಸೋಕೆ ಅಂತ ಬಟ್ಟೆ ಹಾಕಿದಾಗ ಪಕ್ಕದ ಟರ್ಬೊ ಮೇಲಿನ ಮಸಿ ಹೋಗಿ, ಆವತ್ತು ಪಂಪು ಬಿಚ್ಚುವ ಅವಸರದಲ್ಲಿ ನನಗೆ ಕಾಣದಿದ್ದ ಮೂರು ಚುಕ್ಕಿ ಕಂಡವು.

ಈ ಚುಕ್ಕಿ ವಿಷಯ ಹೇಳಬೇಕು. ನಮ್ಮ ಕಡೆ ಲಾರೀನ ಬೇರೆಯವರ ಕೈಗೆ ಕೊಡೋ ಮುಂಚೆ ಒಳ್ಳೊಳ್ಳೇ ಪಾರ್ಟಿನ ಮೇಲೆ ಚೂಪು ಮೂತಿಯ ಪಂಚು ಇಟ್ಟು ಸುತ್ತಿಗೇಲಿ ಚುಕ್ಕಿ ಹೊಡೀತಾರೆ. ಇಲ್ಲದಿದ್ರೆ ಗ್ಯಾರೇಜಿನವರು ಒರಿಜಿನಲ್ ಬಿಚ್ಚಿಕೊಂಡು ಗುಜರಿ ಕೂರಿಸಿ ಕಳಿಸ್ತಾರೆ. ಅಪ್ಪ ಕಲಿಸಿದ್ದು ಮೂರು ಚುಕ್ಕಿ, ಮುಕ್ಕಾಲಿ ಥರ. ಈ ದೇಶದಲ್ಲಿ ಅದನ್ನ ಹೊಡೆಯೋನು ನಾನೊಬ್ಬನೇ. ಅಂದಮೇಲೆ ಎಂಜಿನ್ನಿಗೆ ಗಾಳಿ ನೂಕೋ ಈ ಟರ್ಬೊ ನನ್ನದು, ನನ್ನ ಲಾರೀದು.

"ಎಲಾ ಕಳ್ಳ ನನ್ಮಗನೆ!" ಅಂತ ಎಂಜಿನ್ನಿನೊಳಕ್ಕೇ ಕೂಗಿದೆ. ಏಳು ವರ್ಷದ ಹಿಂದೆ ನಾನು ಪಿತ್ತಕೋಶದ ಆಪರೇಷನ್ನಿಗೆ ಎರಡು ವಾರ ಮಲಗಿದ್ದಾಗ ನನ್ನ ಲಾರಿ ಇವನ ಕೈಲೇ ಇತ್ತು. ಆವಾಗಲೇ ಬಿಚ್ಚಿಸಿಕೊಂಡಿದ್ದಾನೆ. ನನಗಿಂತ ಒಂದು ವರ್ಷ ಮುಂಚೆ! ಸಿಟ್ಟು ನೆತ್ತಿಗೇರಿತು, ಜೊತೆಗೆ ಹೇಳಬಾರದಷ್ಟು ಖುಷಿಯೂ ಆಯಿತು. ಅವನೂ ಕಳ್ಳ, ನಾನೂ ಕಳ್ಳ, ಶುರು ಮಾಡಿದ್ದು ಅವನು. ಆರು ವರ್ಷದಲ್ಲಿ ಮೊದಲ ಸಲ ಎದೆ ಹಗುರ ಅನ್ನಿಸಿತು. ಇನ್ನೂ ನಾಲ್ಕು ಬೈದೆ.

ಅಮಿತಾ ಕಾಫಿ ಹಿಡಿದುಕೊಂಡು ಆಚೆ ಬಂದಳು. "ಯಾರನ್ನಣ್ಣ ಬೈತಿರೋದು?"

"ನಿನ್ನ ಗಂಡನ್ನ" ಅಂದೆ. "ನೋಡಿಲ್ಲಿ, ನನ್ನ ಚುಕ್ಕಿ. ನಾನು ಆಸ್ಪತ್ರೇಲಿ ಬಿದ್ದಿರುವಾಗ ನನ್ನ ಟರ್ಬೊ ಬಿಚ್ಕೊಂಡಿದಾನೆ ಪುಣ್ಯಾತ್ಮ."

ಅವಳು ಬಗ್ಗಿ ನೋಡಿದಳು. "ಓ, ಅದಾ. ನಿಮಗೆ ಹೇಳ್ಲೇ ಇಲ್ವಾ ಅವ್ರು?" ಅಂದಳು. "ನಿಮ್ಮ ಲೋಡು ತಪ್ಪಬಾರದು ಅಂತ ನಿಮ್ಮ ಗಾಡೀಲೇ ಹೋಗ್ತಿದ್ರಲ್ಲ, ಹ್ಯಾಮಿಲ್ಟನ್ ಹತ್ರ ಇದು ಸೀಳಿಬಿಡ್ತಂತೆ. ತಮ್ಮ ಗಾಡೀದನ್ನ ಬಿಚ್ಚಿಸಿ ನಿಮ್ಮದಕ್ಕೆ ಹಾಕಿಸಿದ್ರು. ಇದನ್ನ ವೆಲ್ಡ್ ಮಾಡಿಸಿ ತಾವು ಹಾಕ್ಕೊಂಡ್ರು. ನರಸಿಂಹಣ್ಣಂಗೆ ಹೇಳ್ಬೇಡ ಕಣೇ, ಹೊಲಿಗೆ ಬಿಚ್ಕೊಂಡು ಎದ್ದು ಬಂದ್ಬಿಡ್ತಾನೆ ಅಂತಿದ್ರು. ಆಮೇಲೆ ಮರ್ತೇಹೋಯ್ತೇನೋ."

ಟಾರ್ಚ್ ಬಿಟ್ಟು ನೋಡಿದೆ. ಚುಕ್ಕಿಯ ಕೆಳಗೆ, ಒಂದು ಗೇಣುದ್ದ, ತುಕ್ಕು ಹಿಡಿದ ವೆಲ್ಡಿಂಗು. ಸೀಳಿದ ಟರ್ಬೊ ಯಾರು ಕದೀತಾರೆ? ಇಪ್ಪತ್ತು ವರ್ಷ ಪಾರ್ಟು ಗುರುತು ಹಿಡಿದವನಿಗೆ ಮೂರು ಚುಕ್ಕಿ ಕಂಡಿತ್ತು, ಒಂದು ಗೇಣು ವೆಲ್ಡಿಂಗು ಕಂಡಿರಲಿಲ್ಲ. ನನ್ನ ಲಾರಿಯಲ್ಲಿದ್ದ ಟರ್ಬೊನ ನಾನು ಏಳು ವರ್ಷ ತಿರುಗಿಯೂ ನೋಡಿರಲಿಲ್ಲ, ಒಂದು ದಿನವೂ ಅದು ತೊಂದರೆ ಕೊಟ್ಟಿರಲಿಲ್ಲವಲ್ಲ.

"ಇದ್ಯಾವುದು?" ಅಂದಳು ಅಮಿತಾ, ಟವೆಲಿನ ಮೇಲಿದ್ದ ಪಂಪು ನೋಡಿ.

ಹೊಸದು ಅನ್ನಬಹುದಿತ್ತು. ನಾಲಿಗೆ ತುದಿಗೂ ಬಂತು. ಆದರೆ ಹೇಳಿಬಿಟ್ಟೆ. ಪಂಪು, ನಕಲಿ, ಹತ್ತೊಂಬತ್ತು ಫಿಲ್ಟರು, ಎಲ್ಲಾ. ನಾಚಿಕೆಯಿಂದ ತಲೆ ಎತ್ತೋಕಾಗಲಿಲ್ಲ. ಬಕೆಟ್ ನೋಡಿಕೊಂಡೇ ಹೇಳಿದೆ.

ಅವಳು ಬಗ್ಗಿ ಬಕೆಟಿನಲ್ಲಿದ್ದ ನಕಲಿ ಪಂಪನ್ನ ನೋಡಿದಳು. ಆಮೇಲೆ, "ಅವ್ರು ವೆಲ್ಲಿಂಗ್ಟನ್ ರೂಟು ಬಿಟ್ಟಿದ್ದು ಇದಕ್ಕೇನಾ?" ಅಂದಳು.

ಇದಕ್ಕೇ. ತುಂಬಿದ ಲೋಡಿಟ್ಟುಕೊಂಡು ನಡುವಿನ ಬೆಟ್ಟ ಹತ್ತಿಸೋಕಾಗದೆ ಆ ರೂಟು ಬಿಟ್ಟುಕೊಟ್ಟಿದ್ದ. ಅದು ನನಗೆ ಬಂತು. ಈಗಲೂ ನನ್ನದೇ.

"ನನಗೆ ಘಟ್ಟದಲ್ಲಿ ಗಾಡಿ ಓಡ್ಸೋಕೆ ಬರೋಲ್ಲ ಕಣೇ, ನರಸಿಂಹಣ್ಣ ನೋಡು ಅದೇ ಥರದ ಗಾಡೀಲಿ ಹೆಂಗೆ ಹೋಗಿ ಬರ್ತಾನೆ ಅಂತಿದ್ರು" ಅಂದಳು. "ನಾನೂ ಹೌದು ಅಂತಿದ್ದೆ. ನಿಮ್ಮನ್ನ ನೋಡಿ ಕಲೀರಿ ಅಂತಿದ್ದೆ."

ಕಾಫಿ ಲೋಟ ಅವಳ ಕೈಯಲ್ಲೇ ಇತ್ತು. ಹಾಗೇ ಒಳಗೆ ತಗೊಂಡು ಹೋದಳು.

ಪೆನ್‌ರೋಸಿನ ನನ್ನ ಯಾರ್ಡಿಗೆ ವಾಪಸ್ ಹೋಗಿ ನನ್ನ ಲಾರಿಯಿಂದ ಅವನ ಟರ್ಬೊ ಬಿಚ್ಚಿದೆ. ಮತ್ತೆ ಬಂದು ಪಂಪು, ಟರ್ಬೊ ಎರಡನ್ನೂ ಅವನ ಲಾರಿಗೆ ಕೂರಿಸಿದೆ. ತಗಡಿನ ಮೇಲಿನ ನಂಬರುಗಳನ್ನ ಕಂಪನಿ ಪುಸ್ತಕಕ್ಕೆ ಹಿಡಿದು ಒಂದೊಂದಾಗಿ ತಾಳೆ ನೋಡಿದೆ. ಸಂಜೆ ನಾಲ್ಕಕ್ಕೆ ಚೀಟಿ ಬರೆದು ಬಾಗಿಲು ತಟ್ಟಿದೆ. ಹುಟ್ಟಿದಾಗಿನಿಂದ ಅಷ್ಟು ನಿಜವಾದ ಚೀಟಿ ನಾನು ಬರೆದಿರಲಿಲ್ಲ.

"ಬೇಡ ಅಣ್ಣಾ" ಅಂದಳು ಅಮಿತಾ. "ಬೇರೆ ಮೆಕ್ಯಾನಿಕ್ಕಿಗೆ ಹೇಳಿದೀನಿ. ಬೆಳಿಗ್ಗೆ ಬಂದು ನೋಡಿ ಬರ್ಕೊಡ್ತಾರೆ."

"ಈಗ ಎಲ್ಲಾ ಒರಿಜಿನಲ್ಲೇ ಅಮಿತಾ. ನಾನೇ ಕೈಯಾರೆ ಕೂರಿಸಿದೀನಿ."

"ಅದಕ್ಕೇ."

ಭಾನುವಾರ ಕರೆಯದೇ ಹೋದೆ. ಮೆಕ್ಯಾನಿಕ್ ಈ ದೇಶದವನೇ, ಮೂವತ್ತರ ಒಳಗಿನವನು. ನಾನು ತಾಳೆ ನೋಡಿದ್ದನ್ನೇ ಒಂದು ಗಂಟೆ ತಾಳೆ ನೋಡಿದ. ನಾನು ಟಾರ್ಚ್ ಹಿಡಿದೆ. ಎಲ್ಲಾ ಒರಿಜಿನಲ್ ಅಂತ ಬರೆದುಕೊಟ್ಟು ಹೋದ.

ಹನ್ನೆರಡಕ್ಕೆ ಅಪ್ಪರ್ ಹಟ್‌ನವನು ಬಂದ. ಚೀಟಿ ಓದಿ, ಅಮಿತಾಳನ್ನ ಪಕ್ಕ ಕೂರಿಸಿಕೊಂಡು, ಓಡಿಸಿ ನೋಡೋಕೆ ಹೋದ. ಬೆಟ್ಟದ ಕಡೆಯ ಕಡಿದಾದ ರಸ್ತೆಗೇ ತಿರುಗಿಸಿದ. ಗೇರು ಇಳಿಸದೇ ಲಾರಿ ಏರು ಹತ್ತಿದ ಸದ್ದು ನನಗೆ ಗೇಟಿನ ಹತ್ತಿರ ಕೇಳಿಸಿತು. ವಾಪಸ್ ಬಂದವನು ಇಳಿದು, ತಗೋತೀನಿ ಅಂತ ನನ್ನ ಕೈಯನ್ನೂ ಕುಲುಕಿದ.

ಅಮಿತಾ ಸ್ವಲ್ಪ ಹೊತ್ತು ಕ್ಯಾಬಿನ್ನಿನಿಂದ ಇಳಿಯಲಿಲ್ಲ. ಇಳಿದವಳು ನನ್ನ ಎದುರಿಗೆ ಬಂದು ನಿಂತಳು.

"ಅವ್ರಿಗೆ ಗಾಡಿ ಓಡ್ಸೋಕೆ ಬರ್ತಿತ್ತು ಅಣ್ಣಾ" ಅಂದಳು.